ಹಾಡು ಕಟ್ಟುವ ಕಂಪ್ಯೂಟರಿಗೆ ಎಂಥ ಪ್ರೊಸೆಸರ್, ಎಷ್ಟು ರ‍್ಯಾಮ್?

ತಬಲಾ, ಕೊಳಲು, ಸ್ಟ್ರಿಂಗ್ಸ್, ಬೇಸ್ ಎಲ್ಲ ಸೇರಿ ಮೂವತ್ತು ಟ್ರ್ಯಾಕ್ ಆಗಿವೆ. ಪ್ಲೇ ಒತ್ತಿದರೆ ಹೆಡ್‌ಫೋನಿನಲ್ಲಿ ಹಾಡಿನ ನಡುನಡುವೆ ಚಟಚಟ ಸದ್ದು. ಸಂಗೀತದ ಸಾಫ್ಟ್‌ವೇರಿನ ಮೀಟರ್ ಕೆಂಪಾಗಿದೆ. ಅನುಮಾನ ಬಂದು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದರೆ ಅಲ್ಲಿ ಪ್ರೊಸೆಸರ್ ಬಳಕೆ ಶೇ. 35 ಎಂದಷ್ಟೇ ತೋರಿಸುತ್ತಿದೆ. ಅರ್ಧಕ್ಕಿಂತ ಹೆಚ್ಚು ಶಕ್ತಿ ಸುಮ್ಮನೆ ಕೂತಿರುವಾಗ ಕಂಪ್ಯೂಟರ್ ಸೋತದ್ದೇಕೆ? ಇದಕ್ಕೆ ಉತ್ತರ ಗೊತ್ತಾದರೆ ಅಂಗಡಿಯಲ್ಲಿ ಏನು ಕೇಳಬೇಕು ಎಂಬುದು ಅರ್ಧಕ್ಕರ್ಧ ತೀರ್ಮಾನವಾದ ಹಾಗೆ.

ಸಿನಿಮಾ ಸಂಗೀತವೂ ದೊಡ್ಡ ನಗರಗಳ ದೊಡ್ಡ ಸ್ಟುಡಿಯೋಗಳನ್ನು ಬಿಟ್ಟು ಹೊರಬಂದಿರುವ ಕಾಲ ಇದು. ಕೆಜಿಎಫ್ ಚಿತ್ರಗಳ ಸಂಗೀತ ನಿರ್ದೇಶಕ ರವಿ ಬಸ್ರೂರು ಕುಂದಾಪುರದ ಬಳಿಯ ತಮ್ಮ ಊರು ಬಸ್ರೂರಿನಲ್ಲೇ ಸ್ಟುಡಿಯೋ ಮಾಡಿಕೊಂಡಿದ್ದಾರೆ. ಭಾವಗೀತೆ, ಭಜನೆ, ಯಕ್ಷಗಾನದ ಪದ, ಕಿರುಚಿತ್ರದ ಹಿನ್ನೆಲೆ ಸಂಗೀತ ಮನೆಯ ಒಂದು ಕೋಣೆಯಲ್ಲಿ ತಯಾರಾಗುತ್ತಿವೆ. ಇವುಗಳನ್ನು ಮಾಡುವ ಎಷ್ಟೋ ಹುಡುಗ ಹುಡುಗಿಯರು ಕೂಡಿಟ್ಟ ದುಡ್ಡನ್ನೆಲ್ಲ ಒಂದೇ ಯಂತ್ರಕ್ಕೆ ಸುರಿಯುತ್ತಾರೆ. ಆ ದುಡ್ಡು ತಪ್ಪು ಕಡೆ ಹೋಗಬಾರದು.

ಮೊದಲು ತಿಳಿಯಬೇಕಾದದ್ದು ಗಡುವಿನ ವಿಷಯ. ವಿಡಿಯೋ ರೆಂಡರ್ ಮಾಡುವಾಗ ಕಂಪ್ಯೂಟರ್ ಹತ್ತು ಸೆಕೆಂಡ್ ತಡಮಾಡಿದರೆ ನಾವು ಹತ್ತು ಸೆಕೆಂಡ್ ಕಾಯುತ್ತೇವೆ, ಅಷ್ಟೆ. ಧ್ವನಿಗೆ ಆ ಸೌಲಭ್ಯ ಇಲ್ಲ. 48 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದರೆ ಪ್ರತಿ ಸೆಕೆಂಡಿಗೆ 48,000 ಸ್ಯಾಂಪಲ್‌ಗಳು ಸ್ಪೀಕರ್ ಕಡೆಗೆ ಹೋಗುತ್ತಲೇ ಇರಬೇಕು. ಕಂಪ್ಯೂಟರ್ ಅವನ್ನು ಕಂತುಕಂತಾಗಿ ಲೆಕ್ಕ ಮಾಡಿ ಕಳಿಸುತ್ತದೆ. ಆ ಕಂತಿಗೇ ಬಫರ್ ಎನ್ನುವುದು. ಬಫರ್ 128 ಎಂದು ಇಟ್ಟರೆ ಒಂದು ಕಂತಿಗೆ ಸಿಗುವ ಸಮಯ ಸುಮಾರು 2.7 ಮಿಲಿಸೆಕೆಂಡ್. ಅಷ್ಟರೊಳಗೆ ಮೂವತ್ತೂ ಟ್ರ್ಯಾಕಿನ ಎಲ್ಲ ವಾದ್ಯ, ಎಲ್ಲ ಎಫೆಕ್ಟ್ ಲೆಕ್ಕವಾಗಿ, ಕೂಡಿಕೆಯಾಗಿ, ಮೈಕು ಹೆಡ್‌ಫೋನುಗಳನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸಿನ ಕೈಗೆ ಮುಟ್ಟಿರಬೇಕು. ಒಂದು ಸೆಕೆಂಡಿನಲ್ಲಿ ಇಂಥ 375 ಗಡುವುಗಳು. ಅವುಗಳಲ್ಲಿ ಒಂದೇ ಒಂದು ತಪ್ಪಿದರೂ ಅಲ್ಲಿ ಧ್ವನಿ ತುಂಡಾಗುತ್ತದೆ, ನಮಗೆ ಚಟ್ ಎಂದು ಕೇಳುತ್ತದೆ. ಟಾಸ್ಕ್ ಮ್ಯಾನೇಜರ್ ತೋರಿಸುವುದು ಎಲ್ಲ ಕೋರ್‌ಗಳ, ಅದೂ ಅಷ್ಟು ಹೊತ್ತಿನ, ಸರಾಸರಿ. ಯಾವುದೋ ಒಂದು ಕೋರ್ ಯಾವುದೋ ಒಂದು ಗಡುವನ್ನು ತಪ್ಪಿಸಿಕೊಂಡದ್ದು ಆ ಸರಾಸರಿಯಲ್ಲಿ ಕಾಣುವುದೇ ಇಲ್ಲ.

ಬಫರನ್ನು 1024ಕ್ಕೆ ಏರಿಸಿದರೆ ಗಡುವು 21 ಮಿಲಿಸೆಕೆಂಡಿಗೆ ಸಡಿಲವಾಗುತ್ತದೆ, ಚಟಚಟ ನಿಲ್ಲುತ್ತದೆ. ಮಿಕ್ಸಿಂಗ್ ಮಾಡುವಾಗ ಹಾಗೇ ಇಡಬೇಕು ಕೂಡ. ಆದರೆ ಗಾಯಕಿ ಹೆಡ್‌ಫೋನ್ ಹಾಕಿಕೊಂಡು ಹಾಡುತ್ತಿದ್ದರೆ ಅವಳ ದನಿ ಅವಳ ಕಿವಿಗೇ ತಡವಾಗಿ ಬರುತ್ತದೆ, ಶ್ರುತಿಯೂ ಲಯವೂ ಕೆಡುತ್ತವೆ. ಎಷ್ಟು ತಡ ಸಹ್ಯ? ಗಾಳಿಯಲ್ಲಿ ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಕಛೇರಿಯಲ್ಲಿ ಮೂರು ಮೀಟರ್ ಆಚೆ ಕೂತ ಮೃದಂಗದವರು ಹಾಡುಗಾರರ ದನಿಯನ್ನು 9 ಮಿಲಿಸೆಕೆಂಡ್ ತಡವಾಗಿಯೇ ಕೇಳುತ್ತಾರೆ, ಆದರೂ ತಾಳ ತಪ್ಪುವುದಿಲ್ಲ. ಹಾಗಾಗಿ ಮೈಕಿನಿಂದ ಹೆಡ್‌ಫೋನಿನವರೆಗೆ ಒಟ್ಟು 10 ಮಿಲಿಸೆಕೆಂಡಿನ ಒಳಗಿದ್ದರೆ ಹೆಚ್ಚಿನವರಿಗೆ ತೊಂದರೆಯಿಲ್ಲ. ಧ್ವನಿ ಬಫರನ್ನು ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ ದಾಟಬೇಕು. ಇಂಟರ್‌ಫೇಸಿನ ಪರಿವರ್ತಕ ಮತ್ತು ಡ್ರೈವರ್ ತಮ್ಮ ಪಾಲನ್ನೂ ಸೇರಿಸುತ್ತವೆ. ಆದ್ದರಿಂದ ಒಳ್ಳೆಯ ಇಂಟರ್‌ಫೇಸ್ ಇದ್ದು, ಬಫರ್ 128ರ ಆಸುಪಾಸಿನಲ್ಲಿ ಕೆಲಸ ನಡೆದರೆ ಸರಿ. ಸಂಗೀತದ ಕಂಪ್ಯೂಟರನ್ನು ಅಳೆಯಬೇಕಾದದ್ದು ಇದರಿಂದಲೇ: ನಿಮ್ಮ ಪ್ರಾಜೆಕ್ಟು 128ರಲ್ಲಿ ತುಂಡಾಗದೆ ನಡೆಯುತ್ತದೋ ಇಲ್ಲವೋ.

ಈಗ ಕೋರ್‌ಗಳ ಲೆಕ್ಕ. ಒಂದು ಟ್ರ್ಯಾಕಿನಲ್ಲಿ ಸಿಂಥ್, ಅದರ ಮೇಲೆ ಈಕ್ವಲೈಜರ್, ಆಮೇಲೆ ಕಂಪ್ರೆಸರ್, ಕೊನೆಗೆ ರಿವರ್ಬ್ ಇದ್ದರೆ ಅವು ಒಂದರ ಹಿಂದೆ ಒಂದರಂತೆ ನಡೆಯಲೇಬೇಕು. ಈಕ್ವಲೈಜರಿನಿಂದ ಹೊರಬಂದದ್ದೇ ಕಂಪ್ರೆಸರಿಗೆ ಒಳಹೋಗಬೇಕಾದದ್ದು. ಮದುವೆ ಊಟದ ಪಂಕ್ತಿಗಳಿಗೆ ಎಂಟು ಜನ ಒಟ್ಟಿಗೆ ಬಡಿಸಬಹುದು, ಆದರೆ ಒಂದು ಎಲೆಯ ಮೇಲೆ ಅನ್ನ ಬೀಳುವ ಮೊದಲು ಸಾರು ಬೀಳುವಂತಿಲ್ಲ. ಎಂಟು ಕೋರ್‌ಗಳು ಎಂಟು ಟ್ರ್ಯಾಕುಗಳನ್ನು ಹಂಚಿಕೊಳ್ಳಬಹುದು. ಒಂದೇ ಟ್ರ್ಯಾಕಿನ ಸರಪಳಿಯನ್ನು ಮಾತ್ರ ಹಂಚಿಕೊಳ್ಳಲಾರವು. ಎಲ್ಲ ಟ್ರ್ಯಾಕು ಬಂದು ಸೇರುವ ಮಾಸ್ಟರ್ ಚಾನೆಲ್ಲಿನದೂ ಇದೇ ಕತೆ. ಅಲ್ಲಿ ಭಾರದ ಲಿಮಿಟರ್ ಒಂದನ್ನು ಹಾಕಿದರೆ ಉಳಿದ ಕೋರ್‌ಗಳು ಕೈಕಟ್ಟಿ ನಿಲ್ಲುತ್ತವೆ.

ಸಾಫ್ಟ್‌ವೇರ್ ಮಾಡುವವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಮೊದಲೇ ನುಡಿಸಿಟ್ಟ ಟ್ರ್ಯಾಕಿನಲ್ಲಿ ಮುಂದೆ ಏನು ಬರುತ್ತದೆಂದು ಗೊತ್ತೇ ಇರುವುದರಿಂದ ಅದನ್ನು ದೊಡ್ಡ ಕಂತಿನಲ್ಲಿ ಮುಂಚಿತವಾಗಿಯೇ ಲೆಕ್ಕ ಮಾಡಿಡುತ್ತಾರೆ. ಕ್ಯೂಬೇಸ್‌ನಲ್ಲಿ ಇದರ ಹೆಸರು ಆಸಿಯೋ ಗಾರ್ಡ್. ರೀಪರ್ ಮತ್ತು ಲಾಜಿಕ್ ಪ್ರೊ ಕೂಡ ತಮ್ಮದೇ ರೀತಿಯಲ್ಲಿ ಇದನ್ನು ಮಾಡುತ್ತವೆ. ಆದರೆ ನೀವು ಈ ಕ್ಷಣ ಕೀಬೋರ್ಡಿನಲ್ಲಿ ನುಡಿಸುತ್ತಿರುವ ಟ್ರ್ಯಾಕನ್ನು ಮುಂಚಿತವಾಗಿ ಲೆಕ್ಕ ಮಾಡುವುದು ಹೇಗೆ? ನಿಮ್ಮ ಬೆರಳು ಮುಂದೆ ಯಾವ ಮನೆಗೆ ಬೀಳುತ್ತದೆಂದು ಅದಕ್ಕೇನು ಗೊತ್ತು? ಆ ಒಂದು ಟ್ರ್ಯಾಕು ಪೂರ್ತಿಯಾಗಿ ಒಂದು ಕೋರಿನ ಮೇಲೆ, ಅತಿ ಚಿಕ್ಕ ಗಡುವಿನೊಳಗೆ ಬೀಳುತ್ತದೆ. ಇಡೀ ಹಾಡು ಸರಾಗವಾಗಿ ಓಡುತ್ತಿದ್ದು, ಒಂದು ಸಿಂಥ್ ಟ್ರ್ಯಾಕನ್ನು ರೆಕಾರ್ಡಿಗೆ ಆರಿಸಿದ ಕೂಡಲೇ ಚಟಚಟ ಶುರುವಾಗುವುದಕ್ಕೆ ಕಾರಣ ಇದೇ.

ಆದ್ದರಿಂದ ಪ್ರೊಸೆಸರ್ ಆರಿಸುವಾಗ ಮೊದಲ ಮಾನ್ಯತೆ ಒಂದೊಂದು ಕೋರಿನ ಬಲಕ್ಕೆ, ಕೋರ್‌ಗಳ ಸಂಖ್ಯೆಗೆ ಆಮೇಲೆ. ಗಿಗಾಹರ್ಟ್ಸ್ ನೋಡಿ ಈ ಬಲವನ್ನು ಅಳೆಯಲಾಗದು. 2017ರ ಇಂಟೆಲ್ ಐ7-7700ಕೆ 4.5 ಗಿಗಾಹರ್ಟ್ಸ್‌ವರೆಗೆ ಓಡುತ್ತದೆ, 2022ರ ಐ5-12400 ಮುಟ್ಟುವುದು 4.4. ಆದರೂ ಒಂದು ಕೋರಿನ ಕೆಲಸದಲ್ಲಿ ಎರಡನೆಯದೇ ಸ್ಪಷ್ಟವಾಗಿ ಮುಂದು, ಏಕೆಂದರೆ ಹೊಸ ವಿನ್ಯಾಸ ಪ್ರತಿ ಮಿಡಿತಕ್ಕೆ ಹೆಚ್ಚು ಕೆಲಸ ಮುಗಿಸುತ್ತದೆ. ಸಿನಿಬೆಂಚ್, ಗೀಕ್‌ಬೆಂಚ್ ಪರೀಕ್ಷೆಗಳು ಎರಡು ಅಂಕ ಕೊಡುತ್ತವೆ. ಅಲ್ಲಿ ಸಿಂಗಲ್ ಕೋರ್ ಅಂಕವನ್ನು ಮೊದಲು ಹೋಲಿಸಿ ನೋಡಿ.

ಹಾಡು ಮಾಡುವವರಿಗೆ ಆರು ಬಲವಾದ ಕೋರ್‌ಗಳು ಸಾಕು. ಎಎಂಡಿಯ ರೈಜೆನ್ 5 7600, ಇಂಟೆಲಿನ ಐ5-14400 ಈ ವರ್ಗದವು. ಸಿನಿಮಾ, ಧಾರಾವಾಹಿಗೆ ಹಿನ್ನೆಲೆ ಸಂಗೀತ ಮಾಡುವವರಿಗೆ, ಬೇರೆಯವರ ಹಾಡನ್ನು ಮಿಕ್ಸ್ ಮಾಡಿ ಕೊಡುವವರಿಗೆ ಎಂಟು ಇದ್ದರೆ ಒಳ್ಳೆಯದು. ರೈಜೆನ್ 7 7700 ಅಲ್ಲಿಗೆ ಹೊಂದುತ್ತದೆ. ಹನ್ನೆರಡು, ಹದಿನಾರು ಕೋರ್ ನೂರಾರು ಟ್ರ್ಯಾಕಿನ ಆರ್ಕೆಸ್ಟ್ರಾ ಕೆಲಸ ಇರುವವರಿಗೆ ಮಾತ್ರ. ಹಳೆಯ ಸರ್ವರ್‌ಗಳಿಂದ ಕಿತ್ತ ಝಿಯಾನ್ ಪ್ರೊಸೆಸರ್‌ಗಳು ಆನ್‌ಲೈನಿನಲ್ಲಿ ಅಗ್ಗವಾಗಿ ಸಿಗುತ್ತವೆ. ಉದಾಹರಣೆಗೆ ಇ5-2680 ವಿ4ರಲ್ಲಿ 14 ಕೋರ್ ಇವೆ, ಆದರೆ ಮೂಲ ವೇಗ 2.4 ಗಿಗಾಹರ್ಟ್ಸ್, 2016ರ ವಿನ್ಯಾಸ. ಹದಿನಾಲ್ಕು ಎಂಬ ಅಂಕಿಗೆ ಮರುಳಾಗಿ ಸಂಗೀತಕ್ಕೆ ಇದನ್ನು ಕೊಳ್ಳಬೇಡಿ.

ಕೋರ್ ಎಣಿಸುವಾಗ ಇನ್ನೊಂದು ಎಚ್ಚರ ಬೇಕು. ಆಪಲ್ ತನ್ನ ಮ್ಯಾಕ್‌ಗಳಲ್ಲಿ 2020ರ ಎಂ1ರಿಂದ, ಇಂಟೆಲ್ 2021ರ ಹನ್ನೆರಡನೇ ಪೀಳಿಗೆಯಿಂದ, ಒಂದೇ ಚಿಪ್ಪಿನಲ್ಲಿ ಎರಡು ಬಗೆಯ ಕೋರ್ ಇಡುತ್ತಿವೆ: ಭಾರ ಹೊರುವ ಪರ್ಫಾರ್ಮೆನ್ಸ್ ಕೋರ್, ವಿದ್ಯುತ್ ಉಳಿಸುವ ಎಫಿಶಿಯನ್ಸಿ ಕೋರ್. ಐ5-14400ರ 10 ಕೋರ್‌ಗಳಲ್ಲಿ ಬಲವಾದವು 6. ಮೂಲ ಮ್ಯಾಕ್ ಮಿನಿಯ ಎಂ4ರಲ್ಲಿಯೂ 10 ಕೋರ್, ಅವುಗಳಲ್ಲಿ ಬಲವಾದವು 4. ಆದರೆ ಆ ನಾಲ್ಕು ಒಂದೊಂದೂ ಬಹಳ ಬಲಶಾಲಿ, ಅದಕ್ಕೇ ಎಂ4 ಮ್ಯಾಕ್ ಮಿನಿ ಸಾಧಾರಣ ಹಾಡುಗಳನ್ನು ಲೀಲಾಜಾಲವಾಗಿ ನಿಭಾಯಿಸುತ್ತದೆ. ಎಂ4 ಪ್ರೊ ಆದರೆ ಬಲವಾದ ಕೋರ್ 8 ಅಥವಾ 10. ಡಬ್ಬಿಯ ಮೇಲಿನ ಒಟ್ಟು ಸಂಖ್ಯೆ ಬಿಟ್ಟು ಬಲವಾದ ಕೋರ್ ಎಷ್ಟೆಂದು ಕೇಳಿ.

ಲ್ಯಾಪ್‌ಟಾಪ್ ಕೊಳ್ಳುವವರು ಶಾಖದ ಬಗ್ಗೆ ಯೋಚಿಸಲೇಬೇಕು. ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಯು ಅಕ್ಷರ ಇದ್ದರೆ ಅದು ಬ್ಯಾಟರಿ ಉಳಿಸಲು ಮಾಡಿದ್ದು, ಎಚ್ ಇದ್ದರೆ ಹೆಚ್ಚು ಹೊತ್ತು ಹೆಚ್ಚು ದುಡಿಯಲು ಮಾಡಿದ್ದು. ನಮ್ಮಲ್ಲಿ ಇನ್ನೊಂದು ಕಷ್ಟವೂ ಉಂಟು. ಮೈಕ್ ಆನ್ ಮಾಡುವ ಮೊದಲು ಕೋಣೆಯ ಫ್ಯಾನ್ ಆರಿಸುತ್ತೇವೆ, ಕಿಟಕಿ ಬಾಗಿಲು ಮುಚ್ಚುತ್ತೇವೆ. ಏಪ್ರಿಲ್ ಮೇ ತಿಂಗಳಲ್ಲಿ ಮಂಗಳೂರಲ್ಲೋ ಕಲಬುರ್ಗಿಯಲ್ಲೋ ಹೀಗೆ ಅರ್ಧ ಗಂಟೆ ಹಾಡಿಸಿದರೆ ತೆಳುವಾದ ಲ್ಯಾಪ್‌ಟಾಪ್ ಕಾದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಇಲ್ಲವೇ ಅದರ ಫ್ಯಾನ್ ಜೋರಾಗಿ ತಿರುಗಿ ಆ ಸದ್ದು ಹಾಡಿನಲ್ಲಿ ಬಂದು ಕೂರುತ್ತದೆ. ಮ್ಯಾಕ್‌ಬುಕ್ ಏರ್‌ಗೆ ಫ್ಯಾನೇ ಇಲ್ಲ, ಹಾಗಾಗಿ ಹಾಡಿಸುವಾಗ ಅದರಷ್ಟು ಮೌನಿ ಬೇರೆ ಇಲ್ಲ. ಆದರೆ ದೀರ್ಘವಾದ ಭಾರದ ಕೆಲಸದಲ್ಲಿ ಅದೂ ನಿಧಾನವಾಗುತ್ತದೆ. ಊರೂರು ತಿರುಗಿ ರೆಕಾರ್ಡ್ ಮಾಡುವ ಅಗತ್ಯ ಇಲ್ಲದವರಿಗೆ ಡೆಸ್ಕ್‌ಟಾಪ್ ಮೇಲು ಎಂದೇ ನನ್ನ ಅಭಿಪ್ರಾಯ. 65 ವಾಟಿನ ಪ್ರೊಸೆಸರ್, ಅದಕ್ಕೊಂದು ದೊಡ್ಡ ನಿಧಾನಗತಿಯ ಕೂಲರ್, ಪೆಟ್ಟಿಗೆ ಮೈಕಿನಿಂದ ದೂರ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರಿನ ಕಂಪ್ಯೂಟರ್ ಅಂಗಡಿಯಲ್ಲೋ ಬಿಡಿಭಾಗಗಳ ಕೊಟೇಶನ್ ಕೇಳಿದರೆ ಅದರಲ್ಲಿ ಗ್ರಾಫಿಕ್ಸ್ ಕಾರ್ಡೇ ಎಲ್ಲಕ್ಕಿಂತ ದುಬಾರಿ ಸಾಲಾಗಿರುವುದುಂಟು. ಸಂಗೀತಕ್ಕೆ ಅದು ಬೇಡ. ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಸಾಕು. ಒಂದು ನೆನಪಿಡಿ, ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಸ್ವಲ್ಪ ಅಗ್ಗವೆಂದು ಅದನ್ನು ಕೊಂಡರೆ ಪರದೆಗಾಗಿ ಬೇರೆ ಕಾರ್ಡ್ ಕೊಳ್ಳಬೇಕಾಗುತ್ತದೆ.

ಸೆಕೆಂಡ್ ಹ್ಯಾಂಡ್ ಯಂತ್ರಕ್ಕೂ ಒಂದೆರಡು ಮಾತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಹೆಚ್ಚುಕಡಿಮೆ ಇಂಟೆಲಿನ ಎಂಟನೇ ಪೀಳಿಗೆ ಅಥವಾ ರೈಜೆನ್ 2000 ಸರಣಿ, ಇಲ್ಲವೇ ಅದಕ್ಕೂ ಹೊಸದು ಬೇಕು. ಇಂಟೆಲ್ ಚಿಪ್ಪಿನ ಹಳೆಯ ಮ್ಯಾಕ್‌ಗಳಿಗೆ ಮ್ಯಾಕ್‌ಓಎಸ್‌ನ ತಾಹೋ ಎಂಬ ಆವೃತ್ತಿಯೇ ಕೊನೆಯದು ಎಂದು ಆಪಲ್ 2025ರಲ್ಲಿ ಹೇಳಿಬಿಟ್ಟಿದೆ. ಆದ್ದರಿಂದ ಹಳೆಯ ಮ್ಯಾಕ್ ಕೊಳ್ಳುವುದಿದ್ದರೆ ಎಂ1ರಿಂದ ಮುಂದಿನದನ್ನೇ ನೋಡಿ. ಇಂಟೆಲಿನ 13 ಮತ್ತು 14ನೇ ಪೀಳಿಗೆಯ ದೊಡ್ಡ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಹೆಚ್ಚಿನ ವೋಲ್ಟೇಜಿನಿಂದ ಅಸ್ಥಿರತೆ ಕಂಡು, 2024ರಲ್ಲಿ ಇಂಟೆಲ್ ಮೈಕ್ರೋಕೋಡ್ ತಿದ್ದುಪಡಿ ಹೊರತಂದು ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಬಳಸಿದ ಐ7, ಐ9 ಕೊಳ್ಳುವವರು ಬಯಾಸ್ ಹೊಸದಾಗಿದೆಯೇ, ವಾರಂಟಿ ಉಳಿದಿದೆಯೇ ಎಂದು ಕೇಳಬೇಕು.

ಇನ್ನು ರ‍್ಯಾಮ್. ರೆಕಾರ್ಡ್ ಮಾಡಿದ ಟ್ರ್ಯಾಕುಗಳು ರ‍್ಯಾಮ್ ತಿನ್ನುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. 24 ಬಿಟ್, 48 ಕಿಲೋಹರ್ಟ್ಸ್‌ನ ಒಂದು ಮೋನೋ ಟ್ರ್ಯಾಕು ನಿಮಿಷಕ್ಕೆ 8.6 ಎಂಬಿ. ಐದು ನಿಮಿಷದ ಹಾಡಿಗೆ ನಲವತ್ತು ಟ್ರ್ಯಾಕ್ ಆದರೂ ಒಟ್ಟು 1.7 ಜಿಬಿ. ಅದೂ ಡಿಸ್ಕಿನಲ್ಲೇ ಇರುತ್ತದೆ, ನುಡಿಯುವಾಗ ತುಣುಕುತುಣುಕಾಗಿ ಓದಿಕೊಳ್ಳಲಾಗುತ್ತದೆ. ಹಾಡುವವರನ್ನೂ ನಿಜವಾದ ವಾದ್ಯಗಳನ್ನೂ ರೆಕಾರ್ಡ್ ಮಾಡುವುದೇ ನಿಮ್ಮ ಮುಖ್ಯ ಕೆಲಸವಾದರೆ 16 ಜಿಬಿ ಧಾರಾಳವಾಗಿ ಸಾಕು.

ರ‍್ಯಾಮ್ ತುಂಬಿಸುವುದು ಸ್ಯಾಂಪಲ್ ವಾದ್ಯಗಳು, ಅಂದರೆ ನಿಜವಾದ ವಾದ್ಯದ ಸ್ವರಗಳನ್ನು ಒಂದೊಂದಾಗಿ ರೆಕಾರ್ಡ್ ಮಾಡಿಟ್ಟ ಸಂಗ್ರಹಗಳು. ಸಲಮಾಂಡರ್ ಗ್ರ್ಯಾಂಡ್ ಪಿಯಾನೋ ಎಂಬ ಉಚಿತ ಸಂಗ್ರಹವನ್ನೇ ನೋಡಿ. ಯಮಹಾ ಸಿ5 ಪಿಯಾನೋವನ್ನು ಮೆಲ್ಲನೆಯಿಂದ ಜೋರಿನವರೆಗೆ 16 ಬಗೆಯ ಒತ್ತಡದಲ್ಲಿ ನುಡಿಸಿ ರೆಕಾರ್ಡ್ ಮಾಡಿದ್ದಾರೆ. ಮೂರು ಮನೆಗೆ ಒಂದರಂತೆ ಸ್ವರ ಹಿಡಿದರೂ ಸುಮಾರು 480 ಧ್ವನಿಕಡತಗಳಾದವು. ಪಿಟೀಲಿನ ಒಂದು ದೊಡ್ಡ ಸಂಗ್ರಹದಲ್ಲಿ ಎಳೆದ ಸ್ವರ ಬೇರೆ, ಕಡಿದ ಸ್ವರ ಬೇರೆ, ಬೆರಳಿನಿಂದ ಮೀಟಿದ್ದು ಬೇರೆ, ಹತ್ತಿರದ ಮೈಕ್ ಬೇರೆ, ದೂರದ ಮೈಕ್ ಬೇರೆ. ಕಡತಗಳು ಸಾವಿರಗಟ್ಟಲೆ ಆಗುತ್ತವೆ. ಅವನ್ನೆಲ್ಲ ಪೂರ್ತಿಯಾಗಿ ರ‍್ಯಾಮಿಗೆ ತುಂಬುವುದು ಅಸಾಧ್ಯ ಎಂದೇ 1998ರಲ್ಲಿ ಬಂದ ಗಿಗಾಸ್ಯಾಂಪ್ಲರ್ ಎಂಬ ಸಾಫ್ಟ್‌ವೇರ್ ಒಂದು ದಾರಿ ತೋರಿಸಿತು: ಪ್ರತಿ ಧ್ವನಿಯ ಆರಂಭದ ಚೂರನ್ನು ಮಾತ್ರ ರ‍್ಯಾಮಿನಲ್ಲಿಡು, ಕೀ ಒತ್ತಿದಾಗ ಆ ಚೂರು ನುಡಿಯುತ್ತಿರುವಷ್ಟರಲ್ಲಿ ಉಳಿದದ್ದನ್ನು ಡಿಸ್ಕಿನಿಂದ ತಾ. ಇಂದಿನ ಕಾಂಟ್ಯಾಕ್ಟ್ ಸಾಫ್ಟ್‌ವೇರ್ ಕೂಡ ಹೀಗೇ ಕೆಲಸ ಮಾಡುತ್ತದೆ.

ಈ ಆರಂಭದ ಚೂರು ಕಾಂಟ್ಯಾಕ್ಟ್‌ನಲ್ಲಿ ಸಾಮಾನ್ಯವಾಗಿ 60 ಕೆಬಿ ಇರುತ್ತದೆ. ಹತ್ತು ಸಾವಿರ ಧ್ವನಿಗಳಿರುವ ವಾದ್ಯವೊಂದನ್ನು ತೆರೆದರೆ 600 ಎಂಬಿ ಹೋಯಿತು. ಅಂಥ ಇಪ್ಪತ್ತು ವಾದ್ಯ ಸೇರಿದರೆ 12 ಜಿಬಿ. ಆದರೆ ಸಂಗ್ರಹ ಎಸ್‌ಎಸ್‌ಡಿಯಲ್ಲಿದ್ದರೆ ಡಿಸ್ಕ್ ಬೇಗ ಓದುವುದರಿಂದ ಚೂರನ್ನು 12 ಕೆಬಿಗೆ ಇಳಿಸಬಹುದು. ಆಗ ಅದೇ ಇಪ್ಪತ್ತು ವಾದ್ಯ 2.4 ಜಿಬಿಯಲ್ಲಿ ಕೂರುತ್ತವೆ. ರ‍್ಯಾಮ್ ಸಾಲುತ್ತಿಲ್ಲ ಎನ್ನುವವರು ಮೊದಲು ನೋಡಬೇಕಾದ ಸೆಟ್ಟಿಂಗ್ ಇದು. ತಿರುಗುವ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಸಂಗ್ರಹ ಇಟ್ಟುಕೊಂಡು 64 ಜಿಬಿ ರ‍್ಯಾಮ್ ಕೊಳ್ಳುವುದಕ್ಕಿಂತ 32 ಜಿಬಿಯ ಜೊತೆ ಒಳ್ಳೆಯ ಎನ್‌ವಿಎಂಇ ಎಸ್‌ಎಸ್‌ಡಿ ಕೊಳ್ಳುವುದು ಜಾಣತನ.

ಹೊಸ ಯಂತ್ರಕ್ಕೆ 8 ಜಿಬಿ ಬೇಡವೇ ಬೇಡ. ವಿಂಡೋಸ್ 11, ಒಂದು ಬ್ರೌಸರ್ ತೆರೆದರೆ ಅದರ ದೊಡ್ಡ ಪಾಲು ಮುಗಿದಿರುತ್ತದೆ. ಆಪಲ್ ಕೂಡ 2024ರ ಅಕ್ಟೋಬರಿನಲ್ಲಿ ಮ್ಯಾಕ್‌ಗಳನ್ನು 16 ಜಿಬಿಯಿಂದಲೇ ಆರಂಭಿಸತೊಡಗಿತು. ಸ್ಯಾಂಪಲ್ ವಾದ್ಯಗಳಿಂದ ಹಾಡು ಕಟ್ಟುವವರಿಗೆ, ಕಿರುಚಿತ್ರ ಧಾರಾವಾಹಿಗಳಿಗೆ ಸಂಗೀತ ಮಾಡುವವರಿಗೆ 32 ಸರಿಯಾದ ಅಳತೆ. ಪೂರ್ಣ ಆರ್ಕೆಸ್ಟ್ರಾವನ್ನು ಯಾವಾಗಲೂ ತೆರೆದಿಟ್ಟುಕೊಳ್ಳುವವರಿಗೆ 64. ಅದಕ್ಕೂ ಮೇಲೆ ಹೋಗಬೇಕಾದವರಿಗೆ ತಮಗೆ ಏಕೆ ಬೇಕೆಂದು ಗೊತ್ತೇ ಇರುತ್ತದೆ. ಇಲ್ಲಿ ಮರೆಯಬಾರದ್ದು ಒಂದುಂಟು. ರ‍್ಯಾಮ್ ಸಾಲದಿದ್ದರೆ ಕಂಪ್ಯೂಟರ್ ಡಿಸ್ಕನ್ನೇ ರ‍್ಯಾಮಿನಂತೆ ಬಳಸತೊಡಗಿ ಧ್ವನಿ ತುಂಡಾಗುತ್ತದೆ. ಆದರೆ ಸಾಲುವಷ್ಟು ಇದ್ದಮೇಲೆ ಇನ್ನಷ್ಟು ಹಾಕಿದರೆ ಎಫೆಕ್ಟಿನ ಒಂದು ಪ್ಲಗಿನ್ ಕೂಡ ಹೆಚ್ಚಿಗೆ ಓಡುವುದಿಲ್ಲ.

ರ‍್ಯಾಮಿನ ವೇಗಕ್ಕೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ಡಿಡಿಆರ್5 ಬೋರ್ಡುಗಳಲ್ಲಿ ನಾಲ್ಕು ಕಡ್ಡಿ ತುಂಬಿಸಿದರೆ ವೇಗ ಇಳಿಯುತ್ತದೆ: ರೈಜೆನ್ 7000 ಸರಣಿಗೆ ಎಎಂಡಿ ಹೇಳಿರುವ ವೇಗ ಎರಡು ಕಡ್ಡಿಗೆ 5200, ನಾಲ್ಕಕ್ಕೆ 3600. ಆದ್ದರಿಂದ ಎರಡೇ ಕಡ್ಡಿಯಲ್ಲಿ ಮುಗಿಸಿ. ಎಐ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯಿಂದ ರ‍್ಯಾಮ್ ಬೆಲೆ ತೀವ್ರವಾಗಿ ಏರಿದೆ. ಈಗ 32 ಕೈಗೆಟುಕದಿದ್ದರೆ 8ರ ಎರಡು ಕಡ್ಡಿಗಳ ಬದಲು 16ರ ಒಂದೇ ಕಡ್ಡಿ ಹಾಕಿ ಶುರುಮಾಡಿ, ಮುಂದೆ ಅದೇ ಮಾದರಿಯ ಇನ್ನೊಂದನ್ನು ಸೇರಿಸಬಹುದು. ಮ್ಯಾಕ್ ಮಿನಿ, ಮ್ಯಾಕ್‌ಬುಕ್‌ಗಳಲ್ಲಿ ಈ ದಾರಿ ಇಲ್ಲ. ಕೊಳ್ಳುವ ದಿನ ಎಷ್ಟು ತೆಗೆದುಕೊಂಡಿರೋ ಅಷ್ಟೇ ಕೊನೆತನಕ. ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿಯೂ ರ‍್ಯಾಮ್ ಬೋರ್ಡಿಗೆ ಬೆಸೆದೇ ಬರುತ್ತದೆ, ಕೇಳಿ ಖಚಿತಮಾಡಿಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೂ ಹೊಸದೇ ಬೇಕೋ ಎಂದು ಒಮ್ಮೆ ಪರೀಕ್ಷಿಸಿ. ಬಲವಾದ ಯಂತ್ರದಲ್ಲೂ ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರ್ ಒಂದು ಪ್ರೊಸೆಸರನ್ನು ಕೆಲ ಮಿಲಿಸೆಕೆಂಡ್ ಹಿಡಿದಿಟ್ಟುಕೊಂಡರೆ ಗಡುವು ತಪ್ಪುತ್ತದೆ. ಲೇಟೆನ್ಸಿಮಾನ್ ಎಂಬ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಅಂಥ ಡ್ರೈವರನ್ನು ಹೆಸರು ಸಮೇತ ತೋರಿಸುತ್ತದೆ. ಇಂಟರ್‌ಫೇಸಿಗೆ ಅದರ ಕಂಪನಿಯದೇ ಆಸಿಯೋ (ಧ್ವನಿಯ ತಡ ತಗ್ಗಿಸುವ) ಡ್ರೈವರ್ ಹಾಕಿ, ಪವರ್ ಸೆಟ್ಟಿಂಗನ್ನು ಹೈ ಪರ್ಫಾರ್ಮೆನ್ಸ್‌ಗೆ ಬದಲಿಸಿ, 96 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದರೆ 48ಕ್ಕೆ ಇಳಿಸಿ. ಅದೊಂದರಿಂದಲೇ ಪ್ರೊಸೆಸರ್ ಭಾರ ಸುಮಾರು ಅರ್ಧವಾಗುತ್ತದೆ. ಮುಗಿದ ಟ್ರ್ಯಾಕುಗಳನ್ನು ಫ್ರೀಜ್ ಮಾಡಿ, ಅಂದರೆ ಎಫೆಕ್ಟ್ ಸಮೇತ ಸಿದ್ಧ ಧ್ವನಿಯಾಗಿಸಿ ಇಡಿ. ಆಮೇಲೆ ನಿಮ್ಮ ಅತಿ ಭಾರದ ಪ್ರಾಜೆಕ್ಟನ್ನು 128 ಬಫರಿನಲ್ಲಿ ತೆರೆದು, ಅದರಲ್ಲಿರುವ ಅತಿ ಭಾರದ ವಾದ್ಯವನ್ನು ಕೈಯಾರೆ ನುಡಿಸಿ ನೋಡಿ, ಎಷ್ಟು ರ‍್ಯಾಮ್ ಬಳಕೆಯಾಯಿತೆಂದು ಬರೆದುಕೊಳ್ಳಿ. ಧ್ವನಿ ತುಂಡಾಗದೆ ನಡೆದರೆ ಆ ದುಡ್ಡನ್ನು ಒಳ್ಳೆಯ ಮೈಕಿಗೋ ಕೋಣೆಯ ಪ್ರತಿಧ್ವನಿ ತಗ್ಗಿಸುವುದಕ್ಕೋ ಬಳಸಿ. ನಡೆಯದಿದ್ದರೆ ಬರೆದುಕೊಂಡ ಆ ಅಂಕಿಯನ್ನು ಹಿಡಿದುಕೊಂಡೇ ಅಂಗಡಿಗೆ ಹೋಗಿ.